ಮುದ್ರಿತ ಪುಸ್ತಕವೋ ಇ-ಪುಸ್ತಕವೋ: ಕೊಳ್ಳುವ ಮುನ್ನ

ಒಂದೇ ಕೃತಿ ಮುದ್ರಣದಲ್ಲಿಯೂ ಇ-ಪುಸ್ತಕವಾಗಿಯೂ ಸಿಗುವಾಗ ಹೆಚ್ಚಿನವರು ಮೊದಲು ಬೆಲೆಯನ್ನು ನೋಡುತ್ತಾರೆ. ಅದಕ್ಕಿಂತ ಮೊದಲು, ಓದಿ ಮುಗಿಸಿದ ಪುಸ್ತಕವನ್ನು ಮತ್ತೊಮ್ಮೆ ಯಾವ ಕಾರಣಕ್ಕೆ ತೆರೆಯುತ್ತೀರಿ ಎಂಬುದನ್ನು ಯೋಚಿಸುವುದು ಒಳ್ಳೆಯದು.

ವಚನ ಸಾಹಿತ್ಯವನ್ನೇ ತೆಗೆದುಕೊಳ್ಳೋಣ. ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ಊರೂರು ಅಲೆದು ತಾಳೆಗರಿಗಳನ್ನು ಕೂಡಿಹಾಕಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಹೊರತಂದರು. ದಿನಕ್ಕೊಂದು ವಚನವನ್ನು ಓದಿ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವವರಿಗೆ ಅಂಥ ಗ್ರಂಥದ ಮುದ್ರಿತ ಪ್ರತಿಯೇ ಸರಿ. ಆದರೆ ‘ಕಾಯಕ’ ಎಂಬ ಪದ ಯಾರ್ಯಾರ ವಚನಗಳಲ್ಲಿ ಬಂದಿದೆ ಎಂದು ತಿಳಿಯಬೇಕಾದವರು, ಸರ್ಕಾರ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು ಒಂದೊಂದಾಗಿ ತಿರುವಿ ಹಾಕುವ ಬದಲು, ಪದ ಹುಡುಕಲು ಬರುವ ಇ-ಪಠ್ಯವನ್ನು ಆರಿಸಿಕೊಳ್ಳಬೇಕು.

ಹುಡುಕಲು ಬರುವ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಇ-ಪುಸ್ತಕ ಎಂದು ಹಂಚಿಕೆಯಾಗುವ ಹಳೆಯ ಕನ್ನಡ ಪಿಡಿಎಫ್‌ಗಳಲ್ಲಿ ಬಹಳಷ್ಟು ಪುಟಗಳ ಚಿತ್ರಗಳು ಮಾತ್ರ. ಪರೀಕ್ಷಿಸಲು ಒಂದು ಪದದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಪದ ಆಯ್ಕೆಯಾಗದಿದ್ದರೆ ಅದು ಚಿತ್ರ. ಆಯ್ಕೆಯಾದರೆ ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡಿದರೆ ಪಠ್ಯವು ಯುನಿಕೋಡ್‌ಗೆ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ ಪದ್ಧತಿಗೆ) ಮುಂಚಿನ ಫಾಂಟಿನಲ್ಲಿದೆ, ಅದರಲ್ಲಿ ಹುಡುಕಾಟ ನಡೆಯುವುದಿಲ್ಲ. ಇಪಬ್ (EPUB) ಎಂಬ ಇ-ಪುಸ್ತಕ ಕಡತದ ಮಾದರಿಯಲ್ಲಿ ಅಕ್ಷರ ದೊಡ್ಡದು ಮಾಡಿದಂತೆ ಸಾಲುಗಳು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ, ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಪುಟವನ್ನೇ ಅತ್ತಿತ್ತ ಎಳೆಯಬೇಕಾಗುತ್ತದೆ. ಹಣ ಕೊಡುವ ಮುನ್ನ ಮಾದರಿ ಅಧ್ಯಾಯವನ್ನು ತೆರೆದು ಒತ್ತಕ್ಷರಗಳು ಒಡೆಯದೆ ಕಾಣುತ್ತವೆಯೇ ಎಂದೂ ನೋಡಿ.

ಗಂಟೆಗಟ್ಟಲೆ ಓದುವವರಿಗೆ ಮೊಬೈಲಿಗಿಂತ ಇ-ಇಂಕ್ ಪರದೆಯ ಸಾಧನ ಮೇಲು. ಅದು ಕಾಗದದಂತೆ ಹೊರಗಿನ ಬೆಳಕನ್ನು ಪ್ರತಿಫಲಿಸುತ್ತದೆ. ಪರದೆಗೆ ವಿದ್ಯುತ್ ಬೇಕಾಗುವುದು ಮುಖ್ಯವಾಗಿ ಪುಟ ಬದಲಾಗುವಾಗ ಮಾತ್ರವಾದ್ದರಿಂದ ಕರೆಂಟು ಹೋದ ದಿನವೂ ಓದು ನಿಲ್ಲುವುದಿಲ್ಲ.

ಕಾಗದವನ್ನು ಆರಿಸಿಕೊಂಡವರು ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಖಾನಾಪುರದ ಕಡೆಯ ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ವಿಜಯಪುರದಲ್ಲಾದರೆ ಕಾಟ ಬಿಸಿಲು, ದೂಳು ಮತ್ತು ಗೆದ್ದಲಿನದು. ಒಣ ಬೇವಿನೆಲೆ ಇಡುವ ಅಜ್ಜಿಯರ ಪದ್ಧತಿಯನ್ನು ನಾನಿನ್ನೂ ಬಿಟ್ಟಿಲ್ಲ, ಆದರೆ ಅದೊಂದನ್ನೇ ನಂಬಿಲ್ಲ.

ಇ-ಪುಸ್ತಕದಲ್ಲಿ ನೀವು ಕೊಳ್ಳುವುದು ಬಹುತೇಕ ಓದುವ ಅನುಮತಿಯನ್ನು. ಆದ್ದರಿಂದ ಅದನ್ನು ನೆರೆಯವರಿಗೆ ಎರವಲು ಕೊಡುವುದು ಕಷ್ಟ. ಉಚಿತ ಪ್ರತಿಗಳ ವಿಷಯದಲ್ಲಿ ಲೇಖಕರು ತೀರಿಕೊಂಡ ವರ್ಷವನ್ನು ನೋಡಿ: ಭಾರತದಲ್ಲಿ ಹಕ್ಕುಸ್ವಾಮ್ಯ ಅವರ ಮರಣಾನಂತರ 60 ವರ್ಷ ಉಳಿಯುತ್ತದೆ. 1964ರಲ್ಲಿ ತೀರಿಕೊಂಡ ಹಳಕಟ್ಟಿಯವರ ಬರಹಗಳನ್ನು 2025ರಿಂದ ಯಾರು ಬೇಕಾದರೂ ಹಂಚಬಹುದು, ಇಂದು ಬರೆಯುತ್ತಿರುವ ಕಾದಂಬರಿಕಾರರ ಪಿಡಿಎಫ್‌ಗಳನ್ನು ಹಾಗೆ ಹಂಚುವಂತಿಲ್ಲ.