ಬ್ರಾಂಡೆಡ್ ಪಿಸಿಯ ಬೋರ್ಡಿಗೆ ಹೊಸ ಕ್ಯಾಬಿನೆಟ್: ಹೀಗೆ ಮಾಡಿ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕಂಪನಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳು ಬೇಕಾದಷ್ಟು ಸಿಗುತ್ತವೆ. ಬೆಲೆ ಕಡಿಮೆ, ಬಾಳಿಕೆ ಜಾಸ್ತಿ. ಗ್ರಾಫಿಕ್ಸ್ ಕಾರ್ಡ್ ಹಾಕಲು ಹೊರಟಾಗಲೇ ತಕರಾರು ಶುರು. ಒಳಗೆ ಜಾಗ ಸಾಲದು, ಕರೆಂಟ್ ಕೊಡುವ ಎಸ್‌ಎಂಪಿಎಸ್ ಸಾಲದು. ಬೋರ್ಡನ್ನೇ (ಮದರ್‌ಬೋರ್ಡ್) ಕಿತ್ತು ದೊಡ್ಡ ಕ್ಯಾಬಿನೆಟ್‌ಗೆ ಹಾಕೋಣ ಅನ್ನಿಸುತ್ತದೆ. ಹಾಕಬಹುದು. ಆದರೆ ಹೆಚ್ಚಿನವರು ಮೊದಲು ಗಾಜಿನ ಬಾಗಿಲಿನ ಕ್ಯಾಬಿನೆಟ್ ಕೊಂಡು ತರುತ್ತಾರೆ, ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಈ ಕ್ರಮವೇ ತಲೆಕೆಳಗು.

ಇನ್ನೊಂದು ಮಾತು. ನಿಮಗೆ ಬೇಕಿರುವ ಕಾರ್ಡು ಸ್ಲಾಟ್‌ನಿಂದ ಬರುವ 75 ವ್ಯಾಟ್‌ನಲ್ಲೇ ಓಡುವಂಥದ್ದು, ಹಳೆಯ ಟವರ್ ಒಳಗೆ ಹಿಡಿಸುತ್ತದೆ ಅಂತಾದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಸುಮ್ನೆ ದುಡ್ಡು ದಂಡ.

ಮೊದಲು ಬಿಚ್ಚಿ ನೋಡಿ, ಆಮೇಲೆ ಕೊಳ್ಳಿ

ಬೋರ್ಡಿನ ಅಳತೆ ತೆಗೆಯಿರಿ. ಮೈಕ್ರೋ ಎಟಿಎಕ್ಸ್ ಎಂಬ ಅಳತೆಯ ಬೋರ್ಡು ಅಂದರೆ ಗರಿಷ್ಠ 244 × 244 ಮಿಲಿಮೀಟರ್. ಟವರ್ ಮಾಡೆಲ್‌ಗಳ ಬೋರ್ಡು ಹೆಚ್ಚಾಗಿ ಇದರ ಆಸುಪಾಸಿನಲ್ಲೇ ಇರುತ್ತದೆ, ಆದರೂ ಒಂದೆರಡು ತೂತು ಹೊಸ ಕ್ಯಾಬಿನೆಟ್ಟಿಗೆ ಕೂಡದಿರಬಹುದು. ಪುಸ್ತಕದಷ್ಟು ಚಿಕ್ಕ ಮಿನಿ ಪಿಸಿಯಾದರೆ ಆಸೆ ಬಿಟ್ಟುಬಿಡಿ. ಡೆಲ್ ಆಪ್ಟಿಪ್ಲೆಕ್ಸ್ 745, 755ರಂಥ ಹಳೆಯ ಟವರ್‌ಗಳದ್ದು ಬಿಟಿಎಕ್ಸ್ ಎಂಬ ಬೇರೆಯದೇ ವಿನ್ಯಾಸ. ಅದು ಈಗಿನ ಎಟಿಎಕ್ಸ್ ಕ್ಯಾಬಿನೆಟ್‌ಗಳಿಗೆ ಹೊಂದುವುದೇ ಇಲ್ಲ.

ಹಿಂಬದಿ ನೋಡಿ. ಯುಎಸ್‌ಬಿ, ವಿಜಿಎ ಪೋರ್ಟುಗಳ ಸುತ್ತಲಿನ ತಗಡು ಬಿಡಿಯಾಗಿ ಬರುತ್ತದೋ, ಕ್ಯಾಬಿನೆಟ್ಟಿನ ಮೈಯಲ್ಲೇ ಕೊರೆದಿದೆಯೋ? ಬ್ರಾಂಡೆಡ್ ಪಿಸಿಗಳಲ್ಲಿ ಹೆಚ್ಚಾಗಿ ಎರಡನೆಯದು. ಅಂದರೆ ಹೊಸ ಕ್ಯಾಬಿನೆಟ್ಟಿನ ಹಿಂದೆ ಒಂದು ಕಿಂಡಿ ತೆರೆದೇ ಉಳಿಯುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮುಚ್ಚಿದರೆ ಸಾಕು. ಹಲ್ಲಿ, ಜಿರಲೆ ಒಳಗೆ ಹೋಗದಿದ್ದರಾಯಿತು.

ಪ್ರೊಸೆಸರ್ ತಣ್ಣಗಿಡುವ ಕೂಲರನ್ನೂ ಗಮನಿಸಿ. ಕೆಲವು ಮಾಡೆಲ್‌ಗಳಲ್ಲಿ ಅದರ ಸ್ಕ್ರೂಗಳು ಬೋರ್ಡು ದಾಟಿ ಹಳೆಯ ಕ್ಯಾಬಿನೆಟ್ಟಿನ ತಗಡಿಗೇ ಕೂತಿರುತ್ತವೆ. ಬೋರ್ಡು ಹೊರಬಂದ ಮೇಲೆ ಆ ಕೂಲರ್‌ಗೆ ಆಧಾರವೇ ಇಲ್ಲ. ಇಂಟೆಲ್‌ನ 1155, 1150, 1151 ಸಾಕೆಟ್‌ಗಳಲ್ಲಿ ತೂತುಗಳ ನಡುವಿನ ಅಂತರ 75 ಮಿಲಿಮೀಟರ್. ಹಾಗಾಗಿ ಬ್ಯಾಕ್‌ಪ್ಲೇಟ್ (ಬೋರ್ಡಿನ ಅಡಿಯಿಂದ ಹಿಡಿಯುವ ಪಟ್ಟಿ) ಇರುವ ಸಾಧಾರಣ ಕೂಲರ್ ಕೊಂಡರೆ ಕೂರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಬಿಳಿ ಥರ್ಮಲ್ ಪೇಸ್ಟ್ (ಪ್ರೊಸೆಸರ್, ಕೂಲರ್ ನಡುವೆ ಹಚ್ಚುವ ಲೇಪ) ಪೊಟ್ಟಣ ಮಾತ್ರ ತರಬೇಡಿ. ಹೆಸರಿರುವ ಕಂಪನಿಯ ಟ್ಯೂಬ್ ತನ್ನಿ.

ಎಲ್ಲ ವೈರುಗಳ ಫೋಟೊ ತೆಗೆಯಿರಿ. ಹತ್ತಿರದಿಂದ, ಬೆಳಕಿನಲ್ಲಿ.

ಕರೆಂಟಿನ ಕನೆಕ್ಟರ್: ಇಲ್ಲೇ ಬೋರ್ಡು ಸುಡುವುದು

ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್‌ನ ಮುಖ್ಯ ಕನೆಕ್ಟರ್‌ಗೆ 24 ಪಿನ್. ಆಪ್ಟಿಪ್ಲೆಕ್ಸ್ 7010 ಟವರ್‌ನಲ್ಲಿ ಅದೇ 24 ಪಿನ್ ಇದೆ, ತಲೆನೋವಿಲ್ಲ. ಅದರ ನಂತರದ 9020ರಲ್ಲಿ ಬರೀ 8. ಲೆನೊವೊದ ಕ್ಯೂ77, ಬಿ75 ಚಿಪ್‌ಸೆಟ್ ಬೋರ್ಡುಗಳಲ್ಲಿ 14. ಎಚ್‌ಪಿಯ ಹಲವು ಆಫೀಸ್ ಮಾಡೆಲ್‌ಗಳಲ್ಲಿ 6. ಇಂಥ ಬೋರ್ಡು ಎಸ್‌ಎಂಪಿಎಸ್‌ನಿಂದ ಮುಖ್ಯವಾಗಿ 12 ವೋಲ್ಟ್ ಪಡೆದು, 5 ಮತ್ತು 3.3 ವೋಲ್ಟನ್ನು ತಾನೇ ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿಗೂ ಬೋರ್ಡಿನಿಂದಲೇ ವೈರು ಹೋಗಿರುತ್ತದೆ.

ಇದಕ್ಕೆ ಅಡಾಪ್ಟರ್ ಕೇಬಲ್ ಸಿಗುತ್ತದೆ. ಆದರೆ ‘24ರಿಂದ 8 ಪಿನ್’ ಎಂದು ಕೇಳಿ ತರಬೇಡಿ, ನಿಮ್ಮ ಮಾಡೆಲ್ ನಂಬರ್ ಹೇಳಿ ತನ್ನಿ. ಪಿನ್ನುಗಳ ಲೆಕ್ಕ ಒಂದೇ ಇದ್ದರೂ ಕಂಪನಿಯಿಂದ ಕಂಪನಿಗೆ ವೈರುಗಳ ಜಾಗ ಬೇರೆ. ಕೇಬಲ್ ಬಂದ ಮೇಲೂ ಹಳೆಯ ಎಸ್‌ಎಂಪಿಎಸ್‌ನ ಕನೆಕ್ಟರ್ ಪಕ್ಕದಲ್ಲಿಟ್ಟು ನೋಡಿ. ಕಪ್ಪು ವೈರು ಇರುವ ಕಡೆ ಕಪ್ಪು, ಹಳದಿ ಇರುವ ಕಡೆ ಹಳದಿ ಇರಬೇಕು. ಹಳೆಯದರ ಪಕ್ಕದ ಸ್ಟಿಕರ್‌ನಲ್ಲಿ ಯಾವ ಬಣ್ಣ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ. ಅಡಾಪ್ಟರ್ ವೈರುಗಳೆಲ್ಲ ಕಪ್ಪೇ ಆಗಿದ್ದರೆ ಮಲ್ಟಿಮೀಟರಿನ ಬಜರ್‌ನಲ್ಲಿ (ಎರಡು ತುದಿ ಕೂಡಿದ್ದರೆ ಕೂಗುವ ಸೆಟ್ಟಿಂಗ್) ಒಂದೊಂದೇ ಪಿನ್ ಪರೀಕ್ಷಿಸಿ. ಬೇಜಾರಿನ ಕೆಲಸ ನಿಜ, ಆದರೂ ಬಿಡಬೇಡಿ.

ಬೋರ್ಡಿನಲ್ಲಿ 8 ತೂತು ಕಂಡಿತೆಂದು ಎಸ್‌ಎಂಪಿಎಸ್‌ನ ಸಿಪಿಯು ಕೇಬಲ್ಲನ್ನೋ ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲನ್ನೋ ತುರುಕುವವರಿದ್ದಾರೆ. ಆ ಎರಡರ ನಡುವೆಯೇ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಕನೆಕ್ಟರ್ ತಾನಾಗಿ ಕೂರದಿದ್ದರೆ ಅದು ಅಲ್ಲಿಯದಲ್ಲ. ಬಲ ಹಾಕಬೇಡಿ.

ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಡಿಸ್ಕುಗಳಿಗೆ ಅದರಿಂದಲೇ ನೇರ ಕರೆಂಟ್ ಕೊಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘500 ವ್ಯಾಟ್’ ಡಬ್ಬ ಬೇಡವೇ ಬೇಡ. ಕೈಯಲ್ಲಿ ಹಿಡಿದರೆ ಹಗುರವಾಗಿದ್ದು, ಮೈಮೇಲೆ 80 ಪ್ಲಸ್ ಗುರುತೂ (ಕರೆಂಟ್ ಹೆಚ್ಚು ಪೋಲು ಮಾಡದು ಎಂಬ ಗುರುತು) ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಪವರ್ ಬಟನ್ ಹುಡುಕುವುದು

ಅಸೆಂಬಲ್ ಮಾಡಿದ ಪಿಸಿಯಲ್ಲಿ ಮುಂಭಾಗದ ಪಿನ್ನುಗಳಿಗೆ ಒಂದು ಪದ್ಧತಿ ಇದೆ: 6 ಮತ್ತು 8ನೇ ಪಿನ್ ಪವರ್ ಸ್ವಿಚ್ಚಿಗೆ. ಬ್ರಾಂಡೆಡ್ ಬೋರ್ಡಿನಲ್ಲಿ ಇದನ್ನು ನಂಬಬೇಡಿ. ಹಳೆಯ ಬಟನ್ನಿನ ಕೇಬಲ್ಲನ್ನು ಬೋರ್ಡಿನಿಂದ ಕಳಚಿ, ಮಲ್ಟಿಮೀಟರನ್ನು ಬಜರ್‌ಗೆ ಇಟ್ಟು, ಕನೆಕ್ಟರಿನ ಎರಡೆರಡು ತೂತುಗಳಿಗೆ ಕಡ್ಡಿ ಮುಟ್ಟಿಸುತ್ತಾ ಬಟನ್ ಒತ್ತಿ. ಒತ್ತಿದಾಗ ಮಾತ್ರ ಕೂಗುವ ಜೋಡಿಯೇ ಪವರ್ ಸ್ವಿಚ್. ಒತ್ತದೆಯೂ ಕೂಗುವ ಜೋಡಿ ಇದ್ದರೆ ಅದನ್ನು ಹಾಗೇ ಜೋಡಿಸಿಡಿ, ಕೇಬಲ್ ಇದೆಯೋ ಇಲ್ಲವೋ ಎಂದು ಬೋರ್ಡು ಅದರಿಂದ ತಿಳಿಯುತ್ತಿರಬಹುದು.

ಇನ್ನು ಹಳೆಯ ಕೇಬಲ್ಲನ್ನು ಬಟನ್ನಿನ ಹತ್ತಿರ ಕತ್ತರಿಸಿ, ಆ ಎರಡು ವೈರಿಗೆ ಹೊಸ ಕ್ಯಾಬಿನೆಟ್ಟಿನ ಸ್ವಿಚ್ ವೈರು ಬೆಸೆಯಿರಿ. ಯಾವುದು ಯಾವುದಕ್ಕೆ ಎಂಬ ಚಿಂತೆ ಇಲ್ಲ, ಸ್ವಿಚ್ಚಿಗೆ ಪ್ಲಸ್ ಮೈನಸ್ ಇಲ್ಲ. ಮೇಲೆ ಸ್ಲೀವ್ (ವೈರಿಗೆ ಏರಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಬೇಸಿಗೆಯಲ್ಲಿ ಅಂಟು ಇಳಿದು ಬಿಚ್ಚಿಕೊಳ್ಳುತ್ತದೆ. ಎಲ್‌ಇಡಿ ವೈರು ಗೊತ್ತಾಗದಿದ್ದರೆ ಬಿಟ್ಟುಬಿಡಿ. ದೀಪ ಹೊತ್ತದಿದ್ದರೆ ಪ್ರಪಂಚವೇನೂ ಮುಳುಗಲ್ಲ.

ಸಾಗಿಸುವ ಕೆಲಸ

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಚಳಿಗಾಲದ ಒಣಹವೆಯಲ್ಲಿ, ಅದರಲ್ಲೂ ಉಣ್ಣೆಯ ಸ್ವೆಟರ್ ಹಾಕಿಕೊಂಡಿದ್ದರೆ ಇದು ತೀರಾ ಮುಖ್ಯ. ಬೋರ್ಡು ಬಿಚ್ಚಿ ಮರದ ಟೇಬಲ್ ಮೇಲಿಟ್ಟು, ಹೊಸ ಎಸ್‌ಎಂಪಿಎಸ್, ಕೂಲರ್, ಒಂದು ರ್‍ಯಾಮ್ ಜೋಡಿಸಿ ಅಲ್ಲೇ ಒಮ್ಮೆ ಚಾಲೂ ಮಾಡಿ. ಸ್ಕ್ರೀನ್ ಬಂದರೆ ಮಾತ್ರ ಮುಂದಿನ ಕೆಲಸ.

ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ತೂತಿಗೆ ಸರಿಯಾಗಿ ಬರುವ ಸ್ಟ್ಯಾಂಡ್‌ಆಫ್‌ಗಳನ್ನು (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಗಿಡ್ಡ ಕಂಬಗಳು) ಮಾತ್ರ ಇಡಿ. ತೂತಿಲ್ಲದ ಕಡೆ ಒಂದು ಹಿತ್ತಾಳೆ ಸ್ಟ್ಯಾಂಡ್‌ಆಫ್ ಉಳಿದರೂ ಬೋರ್ಡಿನ ಅಡಿಗೆ ತಗುಲಿ ಶಾರ್ಟ್ ಆಗಬಹುದು. ಮಿಕ್ಕದ್ದೆಲ್ಲ ಸ್ಕ್ರೂ ತಿರುಗಿಸುವ ಕೆಲಸ.

ಆನ್ ಮಾಡಿದ ಮೇಲೆ ಬರುವ ಕಿರಿಕಿರಿ

ಫ್ಯಾನ್ ಇಲ್ಲ, ಮುಂಭಾಗದ ಕೇಬಲ್ ಇಲ್ಲ, ಮುಚ್ಚಳ ತೆಗೆದಿದ್ದೀರಿ, ಎಫ್1 ಒತ್ತಿ ಎಂದು ಬೋರ್ಡು ಗೋಳಾಡಬಹುದು. ಮುಚ್ಚಳದ ದೂರನ್ನು ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಆಫ್ ಮಾಡಬಹುದು. ಮುಂಭಾಗದ ಯುಎಸ್‌ಬಿ ಪಟ್ಟಿಯನ್ನು ಹಳೆಯದರಿಂದ ಕಳಚಿ ಹೊಸದರೊಳಗೆ ಒಂದು ಮೂಲೆಯಲ್ಲಿ ಸ್ಕ್ರೂ ಹಾಕಿ ಕೂರಿಸಿದರೆ ಎರಡನೇ ದೂರು ನಿಲ್ಲುತ್ತದೆ. 5 ಪಿನ್ ಫ್ಯಾನ್ ಕನೆಕ್ಟರ್ ಇರುವ ಬೋರ್ಡಿಗೆ ಅಡಾಪ್ಟರ್ ಬೇಕು.

ವಿಂಡೋಸ್ ಬಗ್ಗೆ ಹೆದರಬೇಡಿ. ಲೈಸೆನ್ಸ್ ಅಂಟಿಕೊಂಡಿರುವುದು ಬೋರ್ಡಿಗೆ, ಡಬ್ಬಕ್ಕಲ್ಲ. ಆದರೆ ಬೋರ್ಡಿನ ಸಿಆರ್2032 ಬ್ಯಾಟರಿ ತೆಗೆದರೆ ಬಯಾಸ್ ಸೆಟ್ಟಿಂಗ್ ಮರೆತುಹೋಗುತ್ತದೆ. ಆಪ್ಟಿಪ್ಲೆಕ್ಸ್‌ಗಳಲ್ಲಿ ಸಾಟಾ ಮೋಡ್ (ಬೋರ್ಡು ಡಿಸ್ಕನ್ನು ನಡೆಸುವ ರೀತಿ) ಆಗ ರೇಡ್‌ಗೆ ಮರಳಬಹುದು. ಎಎಚ್‌ಸಿಐ ಎಂಬ ಇನ್ನೊಂದು ಮೋಡ್‌ನಲ್ಲಿ ಹಾಕಿದ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಬಯಾಸ್‌ನಲ್ಲಿ ಎಎಚ್‌ಸಿಐ ಆರಿಸಿದರೆ ಸರಿಹೋಗುತ್ತದೆ, ಫಾರ್ಮ್ಯಾಟ್ ಮಾಡಲು ಓಡಬೇಡಿ.

ಹಳೆಯ ಡಬ್ಬವನ್ನು ಕೂಡಲೇ ಗುಜರಿಗೆ ಹಾಕಬೇಡಿ, ಒಂದೆರಡು ತಿಂಗಳು ಇಟ್ಟುಕೊಳ್ಳಿ. ಒಳಗಿನ ಎಸ್‌ಎಂಪಿಎಸ್ ಬೇರೆಯವರಿಗೆ ಕೊಡುವುದಾದರೆ ಮೇಲೆ ಮಾಡೆಲ್ ನಂಬರ್ ಬರೆದು ಕೊಡಿ.