ತಮ್ಮನ ಜೂಜಿನ ಚಟವನ್ನು ಗುರುತಿಸಿ ಚಿಕಿತ್ಸೆಗೆ ಕರೆದೊಯ್ದ ನನ್ನ ಅನುಭವ

ನಮ್ಮ ಮುಧೋಳ, ಮಹಾಲಿಂಗಪುರದ ಕಡೆ ಜೂಜು ಎಂದರೆ ಅಂಕಿಯ ಮೇಲೆ ಹಣ ಕಟ್ಟುವ ಓಸಿ ಚೀಟಿ, ಇಲ್ಲವೇ ಇಸ್ಪೀಟು ಎಂದೇ ಹಿರಿಯರು ತಿಳಿದಿದ್ದಾರೆ; ಮನೆಯೊಳಗೇ ಕುಳಿತು, ಊಟದ ತಾಟಿನ ಪಕ್ಕ ಮೊಬೈಲ್ ಇಟ್ಟುಕೊಂಡು ಒಬ್ಬನು ವರ್ಷದ ಕಬ್ಬಿನ ಬಿಲ್ಲನ್ನೇ ಕಳೆಯಬಲ್ಲನೆಂಬುದು ಅವರ ಎಣಿಕೆಗೆ ಬರುವುದಿಲ್ಲ. ನನ್ನ ತಮ್ಮನಲ್ಲಿ ಬಾಯಿವಾಸನೆಯಾಗಲಿ, ತೂರಾಡುವ ನಡಿಗೆಯಾಗಲಿ ಇರಲಿಲ್ಲ. ಇದ್ದದ್ದು ಸಿಡುಕು, ನಿದ್ದೆಗೇಡು ಮತ್ತು ಹಣಕ್ಕೆ ಸಂಬಂಧಿಸಿದ ಸುಳ್ಳುಗಳು. ಗೊಬ್ಬರದ ಅಂಗಡಿಗೆ ಕೊಟ್ಟು ಬಂದೆನೆಂದ ಬಾಕಿ ಹಾಗೆಯೇ ಉಳಿದಿರುತ್ತಿತ್ತು, ಭಿಶಿಯ (ಊರವರು ಕೂಡಿ ಕಟ್ಟುವ ಚೀಟಿಯ) ಹಣ ಎತ್ತಿದ್ದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಅವನ ಹೆಂಡತಿಯ ಪಾಟಲಿಗಳನ್ನು, ಅಂದರೆ ಬಂಗಾರದ ಬಳೆಗಳನ್ನು, ಅಡವು ಇಟ್ಟಾಗಿತ್ತು.

ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ ಜಮಾ ಆಗುವುದು ಅವ್ವ ಮತ್ತು ತಮ್ಮನ ಜಂಟಿ ಖಾತೆಗೆ. ಅವ್ವನನ್ನು ಕರೆದುಕೊಂಡು ಹೋಗಿ ಪಾಸ್‌ಬುಕ್ ಪ್ರಿಂಟ್ ಮಾಡಿಸಿದಾಗ ನನಗೆ ಸಂಶಯವೇ ಉಳಿಯಲಿಲ್ಲ. ಒಂದೇ ತಾರೀಖಿನಲ್ಲಿ 500, ಮತ್ತೆ 500, ಆಮೇಲೆ 1,000, 2,000, 5,000 ರೂಪಾಯಿ ಹೋಗಿತ್ತು. ನಡುವೆ 3,400 ರೂಪಾಯಿ ಮರಳಿ ಜಮಾ ಆಗಿ, ಕೆಳಗಿನ ಸಾಲಿನಲ್ಲಿಯೇ ಅಷ್ಟೂ ಹೊರಟುಹೋಗಿತ್ತು. ಮನೆಖರ್ಚಿಗೆ ಹೀಗೆ ಯಾರೂ ಹಣ ತೆಗೆಯುವುದಿಲ್ಲ. ಕಳೆದುಕೊಂಡದ್ದನ್ನು ಮರಳಿ ಗಳಿಸಲೆಂದು ಪಣ ಏರಿಸುತ್ತ ಹೋಗುವುದು ಈ ಕಾಯಿಲೆಯ ಮುಖ್ಯ ಲಕ್ಷಣವೆಂದು ನಾನು ಓದಿದ್ದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯು ಜೂಜಿನ ಚಟವನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿಗೆ ಸೇರಿಸಿ ಒಂಬತ್ತು ಲಕ್ಷಣಗಳನ್ನು ಹೇಳುತ್ತದೆ. ಹನ್ನೆರಡು ತಿಂಗಳೊಳಗೆ ಅವುಗಳಲ್ಲಿ ನಾಲ್ಕು ಕಂಡರೆ ಅದು ಕಾಯಿಲೆ.

ಮನೆಯವರು ಕೇಳಲು ಎರಡೇ ಪ್ರಶ್ನೆಗಳ ಒಂದು ಪರೀಕ್ಷೆಯಿದೆ. ಅವನ ಜೊತೆ ಒಬ್ಬಳೇ ಕುಳಿತು, ದನಿ ಏರಿಸದೆ, ಅವನ್ನು ಕೇಳಿದೆ: “ತಮ್ಮಾ, ಬರಬರತ ಹೆಚ್ಚಿಗಿ ರೊಕ್ಕ ಹಚ್ಚಬೇಕಂತ ಅನಸ್ತೈತೇನು? ಎಷ್ಟ ಆಡೀನಿ ಅನ್ನೂದನ್ನ ನಮ್ಮ ಮುಂದ ಸುಳ್ಳ ಹೇಳಿಯೇನು?” ಅವನು ಎರಡಕ್ಕೂ ಹೌದೆಂದ. ಮರುಕ್ಷಣವೇ, “ಅಕ್ಕಾ, ಇದೊಂದ ಸಲ ಸಾಲ ತೀರಿಸಿಬಿಡು, ಇನ್ನ ಮುಟ್ಟಂಗಿಲ್ಲ” ಎಂದ.

ಸಾಲವನ್ನು ನಾನು ಒಮ್ಮೆಲೇ ತೀರಿಸಲಿಲ್ಲ, ಮತ್ತು ಈ ವಿಷಯದಲ್ಲಿ ಬೇರೆಯವರಿಗೂ ಅದನ್ನೇ ಹೇಳುತ್ತೇನೆ. ಜೂಜಿನಿಂದಾದ ಸಂಕಟದಿಂದ ಪಾರಾಗಲು ಇತರರ ಹಣವನ್ನು ನೆಚ್ಚುವುದು ಆ ಒಂಬತ್ತು ಲಕ್ಷಣಗಳಲ್ಲೊಂದು. ಚಿಕಿತ್ಸೆಗೆ ಮೊದಲೇ ಸಾಲ ತೀರಿದರೆ, ಹೊಸ ಸಾಲ ಎತ್ತಲು ದಾರಿ ತೆರೆದಂತಾಗುತ್ತದೆ. ಬದಲಿಗೆ ಒಂದು ನೋಟ್‌ಬುಕ್ಕಿನಲ್ಲಿ ಕೈಗಡ, ಸೊಸೈಟಿ ಸಾಲ, ಬಡ್ಡಿಸಾಲ, ಸಾಲದ ಆ್ಯಪ್, ಅಡವಿನ ಚೀಟಿ ಎಲ್ಲವನ್ನೂ ಅವನ ಕೈಯಿಂದಲೇ ಬರೆಸಿದೆ. ನಾಚಿಕೆಯಿಂದ ಕೆಲವನ್ನು ಮುಚ್ಚಿಡುತ್ತಾರೆಂಬುದು ಗೊತ್ತಿದ್ದುದರಿಂದ, ಬ್ಯಾಂಕು, ಸಾಲದ ಕಂಪನಿಗಳಿಂದ ಪಡೆದ ಸಾಲಗಳನ್ನು ತೋರಿಸುವ, ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಸಿಬಿಲ್ ವರದಿಯನ್ನೂ ತೆಗೆಸಿದೆ. ಅವನ ಒಪ್ಪಿಗೆಯಿಂದಲೇ ಬಿಲ್ ಅವ್ವನೊಬ್ಬಳ ಖಾತೆಗೆ ಬರುವಂತೆ ಮಾಡಿ, ಅವನ ಫೋನಿನಲ್ಲಿ ಹಣ ಕಳಿಸುವ ದಿನದ ಮಿತಿಯನ್ನು ತೀರ ಕಡಿಮೆಗೆ ಇಳಿಸಿದೆವು. ಬಾಗಿಲಿಗೆ ಬಂದು ಗದರಿಸುವ ಬಡ್ಡಿಯವರಿಗೆ, ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನಿನ ಮಾತನ್ನು ಹಿರಿಯರ ಸಮ್ಮುಖದಲ್ಲಿ ತಿಳಿಸಿದೆವು.

ಸಹಾಯ ಹುಡುಕುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ತಪಾಸಣೆ ಇರುತ್ತದೆ, ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ಹತ್ತಿರ. ವೈದ್ಯರ ಮುಂದೆ ಹೇಳಿದ್ದು ಪೊಲೀಸರಿಗೆ ಮುಟ್ಟೀತೆಂಬ ಭಯ ತಮ್ಮನಿಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆಯೆಂದೂ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯು ಆಡಿಸುವವರನ್ನು ಶಿಕ್ಷಿಸುತ್ತದೆಯೇ ಹೊರತು ಆಡುವವರನ್ನಲ್ಲವೆಂದೂ ವಿವರಿಸಿದ ಮೇಲೆ ಅವನು ಹೊರಟುನಿಂತ.

ವೈದ್ಯರು ಮೊದಲು ಕೇಳಿದ್ದು ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು. ಸಾಲದ ಒತ್ತಡದಲ್ಲಿರುವ ಜೂಜುಗಾರರಲ್ಲಿ ಆ ಅಪಾಯ ಹೆಚ್ಚು. ಮನೆಯವರೂ ಇದನ್ನು ಹಿಂಜರಿಯದೆ ಕೇಳಬೇಕು, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆಮೇಲೆ ಕುಡಿತ, ಖಿನ್ನತೆ, ತೆಗೆದುಕೊಳ್ಳುವ ಮಾತ್ರೆಗಳ ಬಗ್ಗೆ ವಿಚಾರಿಸಿದರು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್‌ನಂಥ ಔಷಧಿಗಳಿಂದ ಕೆಲವರಿಗೆ ಜೂಜಿನ ಹುಚ್ಚು ಹತ್ತುವುದುಂಟೆಂದು ನನಗೆ ಅಲ್ಲಿಯೇ ತಿಳಿದದ್ದು. ವಯಸ್ಸಾದ ತಂದೆಯೊಬ್ಬರು ಏಕಾಏಕಿ ಓಸಿಗೆ ಬಿದ್ದರೆ ಮಕ್ಕಳು ಬೈಯುವ ಮೊದಲು ಔಷಧಿಯ ಚೀಟಿಯನ್ನು ವೈದ್ಯರಿಗೆ ತೋರಿಸಲಿ. ಜೂಜನ್ನೇ ಬಿಡಿಸುವ ಮಾತ್ರೆಯೆಂಬುದಿಲ್ಲ. ಮುಖ್ಯವಾದದ್ದು ಆಪ್ತಸಮಾಲೋಚನೆ: ಆಡಬೇಕೆನಿಸುವುದು ಯಾವ ಹೊತ್ತಿನಲ್ಲಿ, ಯಾವ ಮನಃಸ್ಥಿತಿಯಲ್ಲಿ ಎಂದು ಬರೆದಿಡುವುದು, “ಈ ಸಲ ಸ್ವಲ್ಪದರಲ್ಲೇ ತಪ್ಪಿತು, ಮುಂದಿನ ಸಲ ಬರುತ್ತದೆ” ಎಂಬ ನಂಬಿಕೆಯನ್ನು ಲೆಕ್ಕ ಹಾಕಿ ಪರೀಕ್ಷಿಸುವುದು, ತುಡಿತ ಎದ್ದಾಗ ಅರ್ಧ ತಾಸು ಬೇರೆ ಕೆಲಸದಲ್ಲಿ ತೊಡಗುವುದು. ತಮ್ಮನಿಗೆ ರಾತ್ರಿ ಹೊಲಕ್ಕೆ ನೀರು ಹಾಯಿಸುವಾಗ ಮೋಟರಿನ ಬಳಿ ಒಬ್ಬನೇ ಕೂರುವ ಹೊತ್ತೇ ಕಷ್ಟದ್ದೆಂದು ಹೀಗೆ ಬರೆದಾಗ ಗೊತ್ತಾಯಿತು. ಈಗ ಆ ಹೊತ್ತಿಗೆ ಕಾಕಾನ ಮಗ ಜೊತೆಗಿರುತ್ತಾನೆ.

ಐಪಿಎಲ್ ಆರಂಭವಾದಾಗ ಅವನು ಮತ್ತೆ ಗೆಳೆಯನ ಫೋನಿನಿಂದ ಬಾಜಿ ಕಟ್ಟಿದ. ಮರುದಿನ ತಾನಾಗಿಯೇ ಬಂದು ಹೇಳಿದ್ದರಿಂದ ನಾವು ಅದನ್ನು ಮುಂದಿನ ತಪಾಸಣೆಯಲ್ಲಿ ವೈದ್ಯರ ಮುಂದಿಟ್ಟೆವು. ಇಂಥ ಮರುಕಳಿಕೆ ಈ ಕಾಯಿಲೆಯಲ್ಲಿ ಸಾಮಾನ್ಯ, ಚಿಕಿತ್ಸೆ ನಿಲ್ಲಿಸಬಾರದು ಎಂದರು. ಅವನ ಹೆಂಡತಿಯೂ ಪ್ರತ್ಯೇಕವಾಗಿ ಸಮಾಲೋಚಕರೊಡನೆ ಮಾತನಾಡುತ್ತಾಳೆ, ಏಕೆಂದರೆ ಇಷ್ಟು ದಿನ ಬಾಗಿಲಿಗೆ ಬಂದ ಸಾಲ ಕೊಟ್ಟವರಿಗೆ ಉತ್ತರಿಸಿದವಳು ಅವಳೇ. ಆಡುವವರು ಆಸ್ಪತ್ರೆಗೆ ಬರಲು ಒಪ್ಪದ ಮನೆಗಳಲ್ಲಿ ಅಕ್ಕನೋ, ಅವ್ವನೋ, ಹೆಂಡತಿಯೋ ತಾವೇ 14416ಕ್ಕೆ ಕರೆ ಮಾಡಿ ಕೇಳಬಹುದು. ನಾನು ಮೊದಲ ಕರೆ ಮಾಡಿದಾಗ ತಮ್ಮನೂ ಇನ್ನೂ ಒಪ್ಪಿರಲಿಲ್ಲ.