ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡಿತಾ? ಸೋಂಕೂ ಇರಬಹುದು, ಇಷ್ಟನ್ನು ಕೇಳಿ ನೋಡಿ

ರಿಪೋರ್ಟ್‌ನಲ್ಲಿ ‘ಕ್ಯಾನ್ಸರ್ ಇರಬಹುದು’ ಅಂತ ಬರೆದಿದ್ದರೆ, ಆ ‘ಇರಬಹುದು’ ಅನ್ನುವುದನ್ನು ಇನ್ನೊಂದು ಸಲ ಓದಿ. ಶ್ವಾಸಕೋಶದಲ್ಲಿ ಟಿಬಿಯ ಗಂಟು, ಫಂಗಸ್ ಸೋಂಕು, ಕೀವು ಕಟ್ಟಿದ ಜಾಗ ಎಲ್ಲವೂ ಸಿಟಿ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಗಡ್ಡೆಯ ಹಾಗೇ ಕಾಣಬಹುದು.

ಪೆಟ್ ಸ್ಕ್ಯಾನ್‌ನಲ್ಲಿ ಹೊಳೆಯಿತು ಅಂದಮೇಲೆ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ಆ ಸ್ಕ್ಯಾನ್‌ಗೆ ಮೊದಲು ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಒಂಥರಾ ಸಕ್ಕರೆ. ಕ್ಯಾನ್ಸರ್ ಕೋಶಗಳು ಅದನ್ನು ಎಳೆದುಕೊಳ್ಳುತ್ತವೆ, ಸರಿ, ಆದರೆ ಸೋಂಕಿನ ಜೊತೆ ಹೊಡೆದಾಡುತ್ತಿರುವ ಬಿಳಿ ರಕ್ತಕಣಗಳಿಗೂ ಅದೇ ಸಕ್ಕರೆ ಬೇಕು, ಅವೂ ಹೊಳೆಯುತ್ತವೆ. ಹೊಟ್ಟೆಯ ಟಿಬಿ ಇನ್ನೂ ಮೋಸಗಾರ. ಹೊಟ್ಟೆಯಲ್ಲಿ ನೀರು ತುಂಬಿಸಿ, ರಕ್ತದಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಏರುವ ಪ್ರೋಟೀನ್) ಕೂಡ ಏರಿಸಿ, ಥೇಟ್ ಅಂಡಾಶಯದ ಕ್ಯಾನ್ಸರ್ ತರಹ ಕಾಣಿಸಿಕೊಳ್ಳುತ್ತದೆ.

ಹಳೇ ಎಕ್ಸ್‌ರೇ, ಸಿಟಿ ಏನಿದ್ದರೂ ಹುಡುಕಿ ತೆಗೆದುಕೊಂಡು ಹೋಗಿ, ಬರೀ ರಿಪೋರ್ಟ್ ಅಲ್ಲ, ಫಿಲ್ಮ್ ಅಥವಾ ಸಿಡಿಯನ್ನೇ. ಜ್ವರ, ಹಿಂದೆ ಬಂದ ಟಿಬಿ, ಮನೆಯಲ್ಲಿ ಯಾರಿಗಾದರೂ ಟಿಬಿ, ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ಕೇಳದಿದ್ದರೂ ನೀವೇ ಹೇಳಿ. ಕೆಲವು ಸಲ ಡಾಕ್ಟರು ನ್ಯುಮೋನಿಯಾಗೆ ಔಷಧಿ ಕೊಟ್ಟು ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸುತ್ತಾರೆ. ಆ ತಾರೀಖು ಮಾತ್ರ ತಪ್ಪಿಸಬೇಡಿ.

ಬಯಾಪ್ಸಿ (ಗಡ್ಡೆಯಿಂದ ಚೂರು ತೆಗೆದು ಪರೀಕ್ಷಿಸುವುದು) ಅಂತ ಆದರೆ, ಸೂಜಿ ಹಾಕುವ ಮೊದಲೇ ಒಂದು ಮಾತು ಕೇಳಿ: ‘ಸ್ಯಾಂಪಲ್ ಕಲ್ಚರ್‌ಗೂ ಕಳಿಸ್ತೀರಾ?’ ಕಲ್ಚರ್ ಅಂದರೆ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು. ಇಲ್ಲೇ ಎಡವಟ್ಟಾಗುವುದು. ತೆಗೆದ ಚೂರನ್ನೆಲ್ಲ ಫಾರ್ಮಾಲಿನ್ ಡಬ್ಬಿಗೆ ಹಾಕಿಬಿಟ್ಟರೆ ಕ್ಯಾನ್ಸರ್ ಪರೀಕ್ಷೆಗೇನೋ ಆಗುತ್ತದೆ, ಆದರೆ ಫಾರ್ಮಾಲಿನ್‌ನಲ್ಲಿ ರೋಗಾಣು ಸತ್ತೇ ಹೋಗುತ್ತದೆ, ಸತ್ತದ್ದನ್ನು ಲ್ಯಾಬ್‌ನಲ್ಲಿ ಬೆಳೆಸಲು ಆಗುವುದಿಲ್ಲ. ಒಂದು ಚೂರಾದರೂ ಬರೀ ಸಲೈನ್ ಇರುವ ಡಬ್ಬಿಯಲ್ಲಿ ಹೋಗಬೇಕು. ಆಮೇಲೆ ನೆನಪಾದರೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಬಹುದು, ಯಾರಿಗೆ ಬೇಕು ಅದು? ಟಿಬಿಗೆ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಯಂತ್ರಕ್ಕೆ ಹಾಕಿದ ಸುಮಾರು 2 ಗಂಟೆಯಲ್ಲಿ ಉತ್ತರ ಕೊಡುತ್ತದೆ. ಕಲ್ಚರ್ ಮಾತ್ರ ನಿಧಾನ, 6ರಿಂದ 8 ವಾರ ಕೂಡ ಹಿಡಿಯಬಹುದು.

ಇನ್ನೊಂದು ವಿಷಯ. ‘ಕ್ಯಾನ್ಸರ್ ಕೋಶ ಕಂಡಿಲ್ಲ’ ಅಂತ ರಿಪೋರ್ಟ್ ಬಂದ ತಕ್ಷಣ ಸುಮ್ನೆ ಮನೆಗೆ ಹೋಗಬೇಡಿ. ಸೂಜಿ ಗಡ್ಡೆಯ ಪಕ್ಕಕ್ಕೆ ಹೋಗಿರಬಹುದು, ಟಿಬಿ ಮತ್ತು ಕ್ಯಾನ್ಸರ್ ಎರಡೂ ಒಟ್ಟಿಗೇ ಇರುವುದೂ ಉಂಟು. ‘ಹಾಗಾದರೆ ಇದೇನು?’ ಅಂತ ಕೇಳಿ. ಟಿಬಿ ಔಷಧಿ ಶುರುವಾಗಿದ್ದರೂ ಗಡ್ಡೆ ಕರಗುತ್ತಿದೆಯಾ ಅಂತ ಮತ್ತೆ ಸ್ಕ್ಯಾನ್ ಮಾಡಿಸಿ ನೋಡಬೇಕು. ಬೆಳೆಯುತ್ತಲೇ ಇದ್ದರೆ ಇನ್ನೊಂದು ಬಯಾಪ್ಸಿಯ ಮಾತು ನೀವೇ ಎತ್ತಿ.